ಡಿಎನ್‌ಎ ಸಾಲುಗಟ್ಟಿಸಿದ ಸ್ನಾಯು

ಬೆಂಗಳೂರಿನ ಮಡಿವಾಳ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಲಾರಿ ಇಳಿಸುವ ಹಮಾಲಿಗಳು ಈರುಳ್ಳಿ ಮೂಟೆಯನ್ನು ಒಬ್ಬೊಬ್ಬರೇ ಹೊತ್ತು ನಡೆಯುತ್ತಾರೆ. ಅದೇ ಲಾರಿ ಕೆಸರಿನಲ್ಲಿ ಹೂತರೆ ಎಲ್ಲರೂ ಸಾಲಾಗಿ ನಿಂತು, ‘ಐಸಾ’ ಎಂದು ಒಂದೇ ದಿಕ್ಕಿಗೆ ನೂಕಬೇಕು. ನಮ್ಮ ಜೀವಕೋಶಗಳಲ್ಲೂ ಇಂಥ ಹಮಾಲಿಗಳಿದ್ದಾರೆ. ಅವರಲ್ಲೊಬ್ಬ ಕೈನೆಸಿನ್.

1985ರಲ್ಲಿ ಪತ್ತೆಯಾದ ಈ ಎರಡು ಕಾಲಿನ ಪ್ರೋಟೀನ್, ಮೈಕ್ರೊಟ್ಯೂಬ್ಯೂಲ್ ಎಂಬ 25 ನ್ಯಾನೊಮೀಟರ್ ದಪ್ಪದ ಕೊಳವೆಯ ಮೇಲೆ ನಡೆಯುತ್ತದೆ. ಹೆಜ್ಜೆಯ ಅಳತೆ 8 ನ್ಯಾನೊಮೀಟರ್. ಹೆಜ್ಜೆಗೊಂದು ಎಟಿಪಿ ಅಣು, ಅಂದರೆ ಜೀವಕೋಶದ ಇಂಧನ, ಖರ್ಚು. ಸೆಕೆಂಡಿಗೆ ನೂರರ ಆಸುಪಾಸು ಹೆಜ್ಜೆ! ಬಲ ಮಾತ್ರ ಸುಮಾರು 6 ಪಿಕೊನ್ಯೂಟನ್. ಒಂದು ಗ್ರಾಂ ತೂಕ ಎತ್ತಲು 160 ಕೋಟಿ ಕೈನೆಸಿನ್‌ಗಳು ಒಟ್ಟಿಗೆ ಜಗ್ಗಬೇಕು. ಸಂಖ್ಯೆ ಕೇಳಿ ಗಾಬರಿ ಬೇಡ, ಒಂದು ಹನಿ ದ್ರಾವಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹಿಡಿಸುತ್ತವೆ. ಕಷ್ಟವಿರುವುದು ಅವನ್ನು ಸಾಲಿಗೆ ತರುವುದರಲ್ಲಿ. ಮನಬಂದ ಕಡೆ ಎಳೆದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ. ನಮ್ಮ ತೋಳಿನಲ್ಲಿ ಎಳೆಯುವ ಕೆಲಸ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನದು. ಎರಡು ಮೈಕ್ರೊಮೀಟರ್ ಚಿಲ್ಲರೆ ಉದ್ದದ ಘಟಕಗಳಲ್ಲಿ ಪ್ರಕೃತಿಯೇ ಅದನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದೆ.

ಪ್ರಯೋಗಾಲಯದಲ್ಲಿ ಆ ಜೋಡಣೆಗೆ ಒದಗಿದ್ದು ಡಿಎನ್‌ಎ. ಆನುವಂಶಿಕತೆಯ ಮಾತು ಇಲ್ಲಿ ಬೇಡ, ಇದು ಬರೀ ಕಟ್ಟಡದ ಸಾಮಗ್ರಿ. ಅದರ ನಾಲ್ಕು ಅಕ್ಷರಗಳಲ್ಲಿ ‘ಎ’ಗೆ ‘ಟಿ’, ‘ಜಿ’ಗೆ ‘ಸಿ’ ಎಂಬ ಜೋಡಿ ನಿಯಮ ಗೊತ್ತಿದ್ದರೆ ಯಾವ ಎಳೆ ಎಲ್ಲಿ ಅಂಟಬೇಕೆಂದು ಮೊದಲೇ ಬರೆದಿಡಬಹುದು. 2006ರಲ್ಲಿ ಅಮೆರಿಕದ ಪಾಲ್ ರಾಥ್‌ಮಂಡ್, ವೈರಸ್ಸಿನ ಸುಮಾರು ಏಳು ಸಾವಿರ ಅಕ್ಷರಗಳ ಎಳೆಯನ್ನು ಇನ್ನೂರಕ್ಕೂ ಹೆಚ್ಚು ತುಂಡು ಎಳೆಗಳಿಂದ ಮಡಚಿ ಬೇಕಾದ ಆಕಾರ ತೆಗೆದರು. ಜಪಾನಿನ ಹೊಕ್ಕೈಡೊ ಮತ್ತು ಕನ್ಸಾಯ್ ವಿಶ್ವವಿದ್ಯಾಲಯಗಳ ತಂಡ 2019ರಲ್ಲಿ ಇಂಥ ಡಿಎನ್‌ಎ ರಚನೆಗಳಿಂದ ಮೈಕ್ರೊಟ್ಯೂಬ್ಯೂಲ್‌ಗಳನ್ನು ನಕ್ಷತ್ರದಾಕಾರದಲ್ಲಿ ಕೂಡಿಸಿತು. ಗೊಂಚಲು ಕಟ್ಟಿದ ಕೈನೆಸಿನ್ ಮತ್ತು ಎಟಿಪಿ ಸೇರಿಸಿದಾಗ ಇಡೀ ಜಾಲ ಕೃತಕ ಸ್ನಾಯುವಿನಂತೆ ಕುಗ್ಗಿತು.

ಡಿಎನ್‌ಎ ಕಟ್ಟುವ ವಿದ್ಯೆ ನಮ್ಮೂರಿಗೂ ಹೊಸದಲ್ಲ. ನಗರದ ಉತ್ತರ ತುದಿಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ‘ಐ-ಸ್ವಿಚ್’ ಎಂಬ ಡಿಎನ್‌ಎ ಯಂತ್ರವನ್ನು ಪ್ರಕಟಿಸಿತು. ಆಮ್ಲತೆ ಹೆಚ್ಚಿದರೆ ಅದು ಮಡಚಿಕೊಳ್ಳುತ್ತದೆ, ಇಳಿದರೆ ಬಿಚ್ಚಿಕೊಳ್ಳುತ್ತದೆ. ಹಣ್ಣಿನ ನೊಣದ ಜೀವಕೋಶಗಳ ಒಳಗಿನ ಆಮ್ಲತೆಯನ್ನು ಅದು ಅಳೆದು ತೋರಿಸಿತು. ಭಾರ ಎಳೆಯಲು ಮಾಡಿದ್ದಲ್ಲ ನಿಜ. ಆದರೆ ಬಿಚ್ಚಿಕೊಳ್ಳುವ ಆ ಗುಣವೇ ಈ ಕೃತಕ ಸ್ನಾಯುವಿನಲ್ಲಿ ಕಾಣದಿರುವುದು.

ಹೌದು, ಜಪಾನಿನ ಆ ಜಾಲ ಒಮ್ಮೆ ಕುಗ್ಗಿತೆಂದರೆ ನಮ್ಮ ತೋಳಿನಂತೆ ಸಡಿಲಗೊಳ್ಳುವುದಿಲ್ಲ. ಎಟಿಪಿ ತೀರಿದರೆ ಆಟ ನಿಂತಿತು. ಬಿಸಿ ಹೆಚ್ಚಿದರೆ ಪ್ರೋಟೀನ್ ಕೆಡುತ್ತದೆ, ಒಣಗಿದರೂ ಅಷ್ಟೆ. ಹಾಗಾಗಿ ರೋಬಾಟಿನ ತೋಳಿಗೆ ಇದನ್ನು ತೊಡಿಸುವ ಮಾತನ್ನು ನಾನು ನಂಬುವುದಿಲ್ಲ. ವಿದ್ಯುತ್ ಮೋಟಾರು ಹೋಗಲಾರದ ಜಾಗಗಳಲ್ಲಿ, ನೀರಿನೊಳಗೆ, ಕೂದಲೆಳೆಗಿಂತ ಸಣ್ಣ ಇಕ್ಕಳವನ್ನು ಅಲುಗಿಸಲು ಮಾತ್ರ ಇದಕ್ಕೆ ಸಾಟಿ ಸಿಗುವುದು ಕಷ್ಟ.