ಲೋಹಕ್ಕೆ ಕಿವಿಗೊಡುವ ಸುರುಳಿ

ನಂಜನಗೂಡಿನ ಬಳಿಯ ತಾಂಡ್ಯದಲ್ಲಿ ಬಡಗಿಯೊಬ್ಬರು ನನಗೊಂದು ಹಲಸಿನ ಹಲಗೆಯನ್ನು ಹದಮಾಡಿ ಕೊಟ್ಟರು. ಅದಕ್ಕೆ ಆರು ಉಕ್ಕಿನ ತಂತಿಗಳನ್ನು ಬಿಗಿದು, ತೊಡೆಯ ಮೇಲಿರಿಸಿ, ಎಡಗೈಯ ಉಕ್ಕಿನ ದಂಡವನ್ನು ತಂತಿಗಳ ಮೇಲೆ ಜಾರಿಸಿದರೆ ಅದೇ ಲ್ಯಾಪ್ ಸ್ಟೀಲ್ ಗಿಟಾರು. ಗೋಟುವಾದ್ಯವನ್ನು ಕೇಳಿದವರಿಗೆ ಈ ಕ್ರಮ ಹೊಸತೆನಿಸಲಾರದು. ಅಲ್ಲಿಯೂ ಮೆಟ್ಟುಗಳಿಲ್ಲ, ಜಾರುವ ದಂಡವೇ ಸ್ವರಸ್ಥಾನವನ್ನು ಹುಡುಕಬೇಕು. ಆದರೆ ಗೋಟುವಾದ್ಯಕ್ಕೆ ಟೊಳ್ಳಾದ ಕೊಡವುಂಟು. ನನ್ನ ಹಲಗೆ ಮೂಕ. ಅದಕ್ಕೆ ದನಿ ಕೊಡಬೇಕಾದದ್ದು ಪಿಕಪ್ಪು.

ನನ್ನಲ್ಲಿದ್ದದ್ದು ತೀರಿಹೋದ ಅಣ್ಣನ ಹವಾಯಿಯನ್ ಗಿಟಾರಿನ ಎರಡು ಪಿಕಪ್ಪುಗಳು. ಗಿಟಾರು ಗೆದ್ದಲಿಗೆ ಆಹುತಿಯಾಗಿತ್ತು. ಇವು ಮಾತ್ರ ಉಳಿದಿದ್ದವು.

ಪಿಕಪ್ಪೆಂದರೆ ಅಯಸ್ಕಾಂತವೊಂದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲುತ್ತದೆ. 1831ರಲ್ಲಿ ಫ್ಯಾರಡೆ ಕಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕು ಗಾಳಿಗೆ ಕಿವಿಗೊಡುತ್ತದೆ, ಇದು ಲೋಹಕ್ಕೆ. ಅದೂ ಎಲ್ಲ ಲೋಹಕ್ಕಲ್ಲ. ವೀಣೆಯ ಹಿತ್ತಾಳೆ ತಂತಿಯನ್ನು ಇದರ ಮೇಲೆ ಮೀಟಿದರೆ ಇದು ಕೇಳಿಸಿಕೊಳ್ಳುವುದಿಲ್ಲ. ಜಾರ್ಜ್ ಬೋಶಾಂಪ್ ಇಂಥ ಪಿಕಪ್ಪನ್ನು ರೂಪಿಸಿದಾಗ, 1931ರಲ್ಲಿ ಲಾಸ್ ಏಂಜಲಿಸಿನಲ್ಲಿ ಹ್ಯಾರಿ ವಾಟ್ಸನ್ ಅದಕ್ಕೆ ಕೆತ್ತಿಕೊಟ್ಟ ಮೊದಲ ಒಡಲು ಮರದ್ದೇ. ಅದೂ ತೊಡೆಯ ಮೇಲಿನ ವಾದ್ಯವೇ ಆಗಿತ್ತು.

ಹಳೆಯ ಪಿಕಪ್ಪನ್ನು ಕೂರಿಸುವ ಮೊದಲು ಮೀಟರಿನಿಂದ ಪರೀಕ್ಷಿಸಬೇಕು. ಒಂದು ಏಳು ಸಾವಿರ ಓಮ್ ತೋರಿಸಿತು, ಜೀವವಿದೆ. ಇನ್ನೊಂದೂ ಜೀವಂತವೇ ಇತ್ತು. ಅದರ ಹಳೆಯ ಬಟ್ಟೆಹೊದಿಕೆಯ ತಂತಿಯನ್ನು ಅವಸರದಲ್ಲಿ ಎಳೆದು ಎಳೆಯನ್ನು ಕಡಿದವನು ನಾನೇ. ಹೊಸದಾಗಿ ಸುತ್ತಿಸಿಬಿಡಿ ಎಂದರು ಬಲ್ಲವರು. ಸುತ್ತಿನ ಸಂಖ್ಯೆಯೂ ಬಿಗಿಯೂ ಬದಲಾದರೆ ದನಿ ಬದಲಾಗುತ್ತದೆ; ನನಗೆ ಬೇಕಾಗಿದ್ದುದು ಅಣ್ಣನ ದನಿ. ಭೂತಗನ್ನಡಿ ಹಿಡಿದು ಹೊರಸುತ್ತನ್ನು ಒಂದಿಷ್ಟು ಬಿಚ್ಚಿ, ತುದಿಯ ಲೇಪವನ್ನು ಕೆರೆದು ಬೆಸೆದೆ. ಜೀವಮಾನವೆಲ್ಲ ಸಂಧಿ ಪ್ರಕರಣ ಪಾಠ ಹೇಳಿದವನಿಗೆ ಆ ಒಂದು ಸಂಧಿ ಮೂರು ದಿನ ಹಿಡಿಯಿತು.

ಮುಂದಿನದು ತಾಳ್ಮೆಯ ಕೆಲಸ. ಕುದುರೆಯ ಹತ್ತಿರ ಕೂರಿಸಿದ್ದು ಹರಿತವಾಗಿ, ದೂರದ್ದು ಮೃದುವಾಗಿ ನುಡಿಯುತ್ತದೆ. ತಂತಿಗೂ ಅದಕ್ಕೂ ಸುಮಾರು ಮೂರು ಮಿಲಿಮೀಟರು ಅಂತರವಿರಲಿ; ತೀರ ಸಮೀಪಿಸಿದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಶ್ರುತಿ ಕೆಡಿಸುತ್ತದೆ. ಲೋಹದ ಕುದುರೆಯಿಂದ ಭೂಮಿತಂತಿಗೆ ಒಂದು ಎಳೆ ಜೋಡಿಸಿದರೆ ಗುಂಯ್‌ಗುಟ್ಟುವುದು ತಗ್ಗುತ್ತದೆ. ಆಗ ವಾದಕನ ಕೈಯೂ ಆಂಪ್ಲಿಫೈಯರಿನ ಒಡಲೂ ಒಂದೇ ತಂತಿಗೆ ಸೇರಿದಂತೆ. ಆದ್ದರಿಂದ ಮೂರು ಕಡ್ಡಿಯ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇಲ್ಲದ ಹಳೆಯ ಆಂಪ್ಲಿಫೈಯರನ್ನು ಮುಟ್ಟಲೇಬೇಡಿ. ಇಲ್ಲಿ ಉಳಿತಾಯ ಮಾಡಹೊರಟವರು ಪ್ರಾಣ ತೆತ್ತಾರು.

ಕಡೆಗೆ ಎರಡನ್ನೂ ಒಟ್ಟಿಗೆ ನುಡಿಸಿದೆ. ದನಿ ಸೊರಗಿ ಮೂಗಿನಲ್ಲಿ ಬಂತು. ಬೆಸೆಯುವಾಗ ಒಂದರ ತುದಿಗಳು ಅದಲುಬದಲಾಗಿ, ಒಂದು ಕೊಟ್ಟದ್ದನ್ನು ಇನ್ನೊಂದು ಕಳೆಯುತ್ತಿತ್ತು. ತಿರುಗಿಸಿ ಜೋಡಿಸಿದ ಮೇಲೆ ಕೋಣೆ ತುಂಬಿತು. ಮಂದ್ರದಲ್ಲಿ ತುಸು ಗೊಗ್ಗರವಿದೆ. ಅಣ್ಣ ನುಡಿಸುವಾಗಲೂ ಇತ್ತು.