ಎಕ್ಸ್‌ಬಾಕ್ಸೋ, ಪ್ಲೇಸ್ಟೇಷನ್ನೋ?

ವಿಡಿಯೊ ಗೇಮ್ ಯಂತ್ರಗಳ ಪೈಪೋಟಿಯಲ್ಲಿ ದೇಶಕ್ಕೊಬ್ಬ ಗೆಲ್ಲುತ್ತಾನೆ. ಅಮೆರಿಕದಲ್ಲಿ ಪ್ಲೇಸ್ಟೇಷನ್ 3ನ್ನು ಹಿಂದಿಕ್ಕಿದ ಎಕ್ಸ್‌ಬಾಕ್ಸ್ 360, ಸೋನಿಯ ತವರಾದ ಜಪಾನಿನಲ್ಲಿ ಮಕಾಡೆ ಮಲಗಿತು.

2006ರಲ್ಲಿ ಮೈಕ್ರೊಸಾಫ್ಟ್ ಭಾರತಕ್ಕೆ ಎಕ್ಸ್‌ಬಾಕ್ಸ್ 360 ತಂದಾಗ ಪ್ರಚಾರಕ್ಕೆ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ನಿಂತರು. ಸೋನಿ ಮಾತ್ರ ಹಳೆಯ ಪ್ಲೇಸ್ಟೇಷನ್ 2 (ಪಿಎಸ್2) ಯಂತ್ರವನ್ನೂ ಅಗ್ಗ ಮಾಡಿ ಮಾರುತ್ತಾ ಹೋಯಿತು. 2009ರಲ್ಲಿ ಅದಕ್ಕೆಂದೇ ಹೈದರಾಬಾದಿನಲ್ಲಿ ತಯಾರಾದ ಹನುಮಂತನ ಆಟವನ್ನೂ ತಂದಿತು. ನಮ್ಮ ಗಿರಾಕಿಯ ಜೇಬನ್ನು ಸೋನಿಯೇ ಚೆನ್ನಾಗಿ ಅರಿತಿತ್ತು ಎನ್ನಬೇಕು.

ನಂಜನಗೂಡು, ಟಿ. ನರಸೀಪುರದಂಥ ಸಣ್ಣ ಊರುಗಳ ಲೆಕ್ಕವೇ ಬೇರೆ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಭಾರತಕ್ಕೆ ಬಂದಾಗ ಎರಡಕ್ಕೂ ಒಂದೇ ಬೆಲೆ: 49,990 ರೂಪಾಯಿ. ಕೈಯಲ್ಲಿರುವ ಫೋನಿನಲ್ಲಿ ಬಿಜಿಎಂಐ ಎಂಬ ಆಟ ಪುಕ್ಕಟೆ. ಇಲ್ಲಿ ಇಬ್ಬರಿಗೂ ನಿಜವಾದ ಎದುರಾಳಿ ಅದೇ.