ಕಬ್ಬಿಣದ ಪೆಟ್ಟಿಗೆ ಹೊತ್ತ ಲಾರಿಯ ಲೆಕ್ಕ

ಹೊಸಪೇಟೆಯಿಂದ ಕುಷ್ಟಗಿಯ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿ 50ರಲ್ಲಿ ಪ್ರಯಾಣ ಮಾಡಿದವರು, ಉದ್ದನೆಯ ಟ್ರೇಲರಿನ ಬೆನ್ನ ಮೇಲೆ ಕೂತು ಹೋಗುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ನೋಡಿರುತ್ತೀರಿ. ನೀಲಿ, ಕೆಂಪು, ಹಸಿರು ಬಣ್ಣ. ಮೈಮೇಲೆ ಅಕ್ಷರ ಮತ್ತು ಅಂಕಿಗಳ ಸಾಲು. ಅದೇ ಕಂಟೇನರ್. ನಮ್ಮ ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ, ಬಂದರಿಲ್ಲ. ಆದರೂ ಇಳಕಲ್ಲ, ಕುಷ್ಟಗಿ ಕಡೆಯ ಗ್ರಾನೈಟ್ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಹಡಗಿನವರೆಗೆ ಅದನ್ನು ಮುಟ್ಟಿಸುವವರು ಲಾರಿಯವರು. ಅವರಲ್ಲಿ ಕೆಲವರು ತಮ್ಮ ಸ್ವಂತ ಗಾಡಿಯನ್ನು ತಾವೇ ಓಡಿಸುತ್ತಾರೆ. ಮಾಲೀಕನೂ ಅವರೇ, ಡ್ರೈವರೂ ಅವರೇ. ನಮ್ಮ ಇರಕಲ್ಲಗಡದಲ್ಲೂ ಅಂಥ ಒಬ್ಬ ಹುಡುಗನಿದ್ದಾನೆ. ಮೂರು ವರ್ಷಗಳಿಂದ ಅವನ ಲೆಕ್ಕದ ಪುಸ್ತಕ ನನ್ನ ಕಟ್ಟೆಯ ಮೇಲೆಯೇ ಬರೆಯಲ್ಪಡುತ್ತಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನಗೆ ಅದೊಂದು ಕೆಲಸ.

ಮೊದಲು ಪೆಟ್ಟಿಗೆಯ ಕಥೆ. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬಾತ ಹಳೆಯದೊಂದು ಲಾರಿ ಕೊಂಡು ತಾನೇ ಓಡಿಸುತ್ತ ಬದುಕು ಆರಂಭಿಸಿದವನು. ಬಂದರಿನಲ್ಲಿ ಮೂಟೆ ಮೂಟೆಯಾಗಿ ಸರಕು ಇಳಿಸಿ ಹಡಗಿಗೆ ಏರಿಸಲು ದಿನಗಟ್ಟಲೆ ಹಿಡಿಯುತ್ತಿತ್ತು. ಸರಕು ತುಂಬಿದ ಪೆಟ್ಟಿಗೆಯನ್ನೇ ಎತ್ತಿ ಹಡಗಿನ ಮೇಲಿಟ್ಟರೆ ಹೇಗೆ ಎಂದು ಆತ ಯೋಚಿಸಿದ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ನೂವರ್ಕ್‌ನಿಂದ ಹ್ಯೂಸ್ಟನ್‌ಗೆ ಇಂಥ 58 ಪೆಟ್ಟಿಗೆ ಹೊತ್ತು ಹೊರಟಿತು. ನಮ್ಮ ದೇಶಕ್ಕೆ ಕಂಟೇನರ್ ಹಡಗು ಬಂದದ್ದು 1973ರಲ್ಲಿ, ಕೊಚ್ಚಿ ಬಂದರಿಗೆ.

ಇಂದು ಜಗತ್ತಿನೆಲ್ಲೆಡೆ ಈ ಪೆಟ್ಟಿಗೆಗೆ ಒಂದೇ ಅಳತೆ. ಚಿಕ್ಕದು 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ದೊಡ್ಡದು 40 ಅಡಿ ಉದ್ದ. ನಾಲ್ಕು ಮೂಲೆಗಳಲ್ಲಿ ರಂಧ್ರಗಳಿರುತ್ತವೆ. ಟ್ರೇಲರಿನ ಗೂಟಗಳು ಅದರೊಳಗೆ ಹೊಕ್ಕು, ತಿರುಗಿಸಿದಾಗ ಬೀಗದಂತೆ ಹಿಡಿಯುತ್ತವೆ. ಹೊರಡುವ ಮೊದಲು ಡ್ರೈವರು ನಾಲ್ಕೂ ಮೂಲೆ ಮುಟ್ಟಿ ನೋಡಲೇಬೇಕು.

ಮಕ್ಕಳಿಗೊಂದು ಲೆಕ್ಕ. 20 ಅಡಿ ಪೆಟ್ಟಿಗೆಯೊಳಗೆ ಸುಮಾರು 33 ಘನ ಮೀಟರ್ ಜಾಗ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಪೂರ್ತಿ ತುಂಬಿದರೆ 89 ಟನ್! ಆದರೆ ಪೆಟ್ಟಿಗೆಯೂ ಸೇರಿ ಒಟ್ಟು ತೂಕ 30 ಟನ್ ಆಸುಪಾಸಿನಲ್ಲೇ ನಿಲ್ಲಬೇಕು. ಆದ್ದರಿಂದ ಕಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬರೀ ಗಾಳಿಯೇ ಇರುತ್ತದೆ ಎಂದರೆ ತಪ್ಪಾಗಲಾರದು.

ಇನ್ನೊಂದು ಲೆಕ್ಕ ನನಗೆ ಬಹಳ ಮೆಚ್ಚಿಗೆಯಾದದ್ದು. ಪೆಟ್ಟಿಗೆಯ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿ ಅಂಕಿ. ಆ ಒಂಟಿ ಅಂಕಿ ಕಾವಲುಗಾರ. ಉದಾಹರಣೆಗೆ ‘ಸಿ ಎಸ್ ಕ್ಯೂ ಯು 305438’. ಅಕ್ಷರಗಳಿಗೂ ಬೆಲೆ ಉಂಟು: ಸಿ 13, ಎಸ್ 30, ಕ್ಯೂ 28, ಯು 32. ಹತ್ತೂ ಸ್ಥಾನಗಳನ್ನು ಕ್ರಮವಾಗಿ 1, 2, 4, 8, 16 ಹೀಗೆ 512ರವರೆಗೆ ದುಪ್ಪಟ್ಟಾಗುವ ಸಂಖ್ಯೆಗಳಿಂದ ಗುಣಿಸಿ ಕೂಡಿದರೆ 6185. ಅದನ್ನು 11ರಿಂದ ಭಾಗಿಸಿದರೆ ಶೇಷ 3. ಚೌಕದಲ್ಲಿ ಇರಬೇಕಾದದ್ದೂ 3. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ಕಾಗದ ಪೆನ್ನು ಹಿಡಿದು ಮಾಡಿ ನೋಡಿ.

ಈಗ ಹೊಟ್ಟೆಪಾಡಿನ ಲೆಕ್ಕ. ಆ ಹುಡುಗನ ಸಾಲದ ನಿಜವಾದ ಅಂಕಿ ಅವನದು. ಅದನ್ನು ಹೊರಗೆ ಹೇಳುವುದು ನಮ್ಮ ಕಸುಬಿನ ಧರ್ಮವಲ್ಲ. ದುಂಡು ಅಂಕಿ ಇಟ್ಟುಕೊಳ್ಳೋಣ. 30 ಲಕ್ಷ ರೂಪಾಯಿ ಸಾಲ, ಶೇ. 10 ಬಡ್ಡಿ, 60 ತಿಂಗಳು. ತಿಂಗಳ ಕಂತು 63,741 ರೂಪಾಯಿ. ಮೊದಲ ಕಂತಿನಲ್ಲಿ 25,000 ಬಡ್ಡಿಗೇ ಹೋಗುತ್ತದೆ. ಐದು ವರ್ಷಕ್ಕೆ ಕಟ್ಟುವ ಬಡ್ಡಿ ಎಂಟು ಲಕ್ಷದ ಮೇಲೆ.

ಬಾಡಿಗೆ ಕೈಗೆ ಬಂದಾಗ ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಆದರೆ ತುಂಬಿದ ಟ್ರೇಲರು ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ, ಹೋಗಿ ಬರುವ 1,200 ಕಿಲೋಮೀಟರಿಗೆ 400 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ 36,000. ಮೇಲೆ ಟೋಲು, ಟೈರು, ವಿಮೆ, ತೆರಿಗೆ, ಎಫ್.ಸಿ., ದಾರಿಯ ಊಟ. ಬರುವಾಗ ಲೋಡು ಸಿಗದೆ ಖಾಲಿ ಬಂದರೆ ಆ ಡೀಸೆಲ್ ಪೂರ್ತಿ ಕೈಯಿಂದಲೇ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಲೋಡು ಕಡಿಮೆಯಾಯಿತು. ಬಾಡಿಗೆ ಕೊಡಬೇಕಾದ ಏಜೆಂಟರೊಬ್ಬರು ಇವತ್ತು ನಾಳೆ ಎಂದರು. ಎರಡು ಕಂತು ಬಾಕಿಯಾದವು. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಆಮೇಲೆ ಗಾಡಿಯನ್ನೇ ಎಳೆದೊಯ್ಯುವ ಮಾತು ಬರುತ್ತದೆ. ಮಗಳ ಕಾಲೇಜು ಫೀಸಿಗೆ ಇಟ್ಟಿದ್ದ ಹಣ ಕಂತಿಗೆ ಹಾಕೋಣವೇ ಎಂದು ಕೇಳಲು ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು.

ನಾನು ಹಳೆಯ ಪುಸ್ತಕ ಬಿಚ್ಚಿದೆ. ಅವನು ಪ್ರತಿ ಟ್ರಿಪ್ಪಿಗೆ ಎಷ್ಟು ಉಳಿಯಿತೆಂದು ಬರೆದಿದ್ದನೇ ಹೊರತು ಎಷ್ಟು ದಿನ ಹಿಡಿಯಿತೆಂದು ಬರೆದಿರಲಿಲ್ಲ. ನಮ್ಮ ದುಂಡು ಅಂಕಿಯ ಕಂತನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 2,125 ರೂಪಾಯಿ. ಬಂದರಿನ ಸಾಲಿನಲ್ಲಿ ಮೂರು ದಿನ ನಿಂತರೆ ಚಕ್ರ ಉರುಳದೆಯೇ 6,375 ಹೋಯಿತು. ಹೆಚ್ಚು ಬಾಡಿಗೆ ಕೊಡುವ ದೂರದ ಟ್ರಿಪ್ಪಿಗಿಂತ, ಬೇಗ ಮುಗಿಯುವ ಹತ್ತಿರದ್ದೇ ಅವನಿಗೆ ಹೆಚ್ಚು ಉಳಿಸಿತ್ತು.

“ಕಾಕಾ, ಗಾಡಿ ಓಡಿದ್ರ ರೊಕ್ಕ ಅಂತ ತಿಳ್ಕೊಂಡಿದ್ದೆ. ಗಾಡಿ ನಿಂತರೂ ಕಂತು ಓಡತೈತಲ್ರೀ” ಎಂದ.

ಅವನ ಹೆಂಡತಿ ಮಾತ್ರ ಗಟ್ಟಿಯಾಗಿ ಹೇಳಿದಳು: “ಫೀಸಿನ ರೊಕ್ಕ ಮುಟ್ಟೂದು ಬ್ಯಾಡ್ರಿ. ನನ್ನ ಎರಡು ಬಳಿ ಅದಾವು.”

ಬಳೆ ಅಡವಿಟ್ಟು ಒಂದು ಕಂತು ಕಟ್ಟಿದರು. ಬ್ಯಾಂಕಿಗೆ ಪತ್ರ ಬರೆದುಕೊಟ್ಟು ಇನ್ನೊಂದಕ್ಕೆ ಕಾಲಾವಕಾಶ ಕೇಳಿಸಿದೆ, ಸಿಕ್ಕಿತು. ಅಂದಿನಿಂದ ಕೆಲವು ನಿಯಮ ಮಾಡಿಕೊಂಡೆವು. ಬಾಡಿಗೆ ಮಾತಾಡುವಾಗಲೇ ಎಷ್ಟು ದಿನ ನಿಲ್ಲಿಸಿದರೆ ಎಷ್ಟು ಹಾಲ್ಟಿಂಗ್ ಎಂದು ಕಾಗದದಲ್ಲಿ ಬರೆಸಿಕೊಳ್ಳುವುದು. ಹೊರಡುವ ಮೊದಲು ಡೀಸೆಲಿನಷ್ಟಾದರೂ ಮುಂಗಡ ಪಡೆಯುವುದು. ಹಳೆಯ ಬಾಕಿ ತೀರದವರ ಹೊಸ ಲೋಡು ಮುಟ್ಟದಿರುವುದು. ಎರಡು ಕಂತಿನಷ್ಟು ಹಣ ಬೇರೆ ಖಾತೆಯಲ್ಲಿ ಇಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ನಿದ್ದೆಗೆಟ್ಟು ಓಡಿಸಿ ದಿನ ಉಳಿಸದಿರುವುದು. ಒಂದು ಅಪಘಾತದ ಮುಂದೆ ನಮ್ಮ ಯಾವ ಉಳಿತಾಯವೂ ನಿಲ್ಲುವುದಿಲ್ಲ.

ಮಗಳು ಈಗ ಕೊಪ್ಪಳದಲ್ಲಿ ಬಿ.ಕಾಂ. ಎರಡನೆಯ ವರ್ಷ. ಭಾನುವಾರ ಪುಸ್ತಕ ತಂದು ನನ್ನ ಮುಂದೆ ಕೂರುತ್ತಾಳೆ. ಈಗ ಬರೆಯುವವಳು ಅವಳು, ನಾನು ತಾಳೆ ನೋಡುತ್ತೇನೆ ಅಷ್ಟೆ. ಬಳೆಗಳು ಕಳೆದ ದೀಪಾವಳಿಗೆ ಮನೆಗೆ ಬಂದವು. ಸಾಲ ತೀರಿದ ದಿನ ಬ್ಯಾಂಕಿನಿಂದ ಪತ್ರ ಪಡೆದು, ಗಾಡಿಯ ಆರ್.ಸಿ.ಯಲ್ಲಿರುವ ಬ್ಯಾಂಕಿನ ಹೆಸರನ್ನು ಆರ್.ಟಿ.ಓ. ಕಚೇರಿಯಲ್ಲಿ ತೆಗೆಸಬೇಕು. ಅಲ್ಲಿಯವರೆಗೆ ಅವನು ಮಾಲೀಕನಾದರೂ ಅರ್ಧ ಮಾಲೀಕನೇ. ಇನ್ನು ಹತ್ತೊಂಬತ್ತು ಕಂತು ಇವೆ. ಪುಸ್ತಕದ ಕೊನೆಯ ಪುಟದಲ್ಲಿ ಹುಡುಗಿ ಹತ್ತೊಂಬತ್ತು ಚೌಕ ಬರೆದಿಟ್ಟಿದ್ದಾಳೆ. ಪ್ರತಿ ತಿಂಗಳು ಒಂದಕ್ಕೆ ಗೆರೆ ಎಳೆಯುತ್ತಾಳಂತೆ.